ವಲಸೆ ಬಂದ ವಿದ್ಯಾಪತಿ

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿರುವ ಮಹಾದೇವ ದೇವಾಲಯವನ್ನು ಕ್ರಿ.ಶ. 1112ರಲ್ಲಿ ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿಯ ಶಾಸನ ಆ ಗುಡಿಯನ್ನು ದೇವಾಲಯ ಚಕ್ರವರ್ತಿಯೆಂದು ಕೊಂಡಾಡಿರುವುದು ಓದುಗರಲ್ಲಿ ಅನೇಕರಿಗೆ ತಿಳಿದ ಸಂಗತಿ. ಆ ಗುಡಿ ಏಳುವುದಕ್ಕೆ ಕೆಲವು ದಶಕಗಳ ಮೊದಲು ಅದೇ ಚಕ್ರವರ್ತಿಯ ಆಶ್ರಯಕ್ಕೆ ಬಂದು ಸೇರಿದ ಇನ್ನೊಬ್ಬನಿದ್ದ. ಅವನು ಹುಟ್ಟಿ ಬೆಳೆದದ್ದು ಬಹುದೂರದ ಸೀಮೆಯಲ್ಲಿ. ಇಲ್ಲಿಯ ಮಾತು ಅವನ ಮನೆಮಾತಾಗಿರಲಿಲ್ಲ. ವಿದ್ಯೆಯೊಂದೇ ಬಂಡವಾಳವಾಗಿ ಬಂದ ಆತ ಕಾಶ್ಮೀರದ ಕವಿ ಬಿಲ್ಹಣ, ವಿಕ್ರಮಾಂಕದೇವಚರಿತದ ಕರ್ತೃ.

ಬಿಲ್ಹಣನ ಹೆಸರು ಕೇಳಿದೊಡನೆ ಹಲವರಿಗೆ ನೆನಪಾಗುವುದು ರಾಜಕುಮಾರಿಯನ್ನು ಪ್ರೀತಿಸಿ ಮರಣದಂಡನೆಗೆ ಗುರಿಯಾದ ಕವಿಯ ಕಥೆ. ಚೌರಪಂಚಾಶಿಕೆಯ ಸುತ್ತ ಹೆಣೆದುಕೊಂಡ ಆ ಕಥೆ ರಮ್ಯವಾದ ದಂತಕಥೆ. ಆದರೆ ತನ್ನ ಕಾವ್ಯದ ಕಡೆಯ ಸರ್ಗದಲ್ಲಿ ಅವನೇ ಹೇಳಿಕೊಂಡಿರುವ ಮತ್ತು ಕಲ್ಹಣನ ರಾಜತರಂಗಿಣಿ ಪುಷ್ಟೀಕರಿಸುವ ಜೀವನವೃತ್ತಾಂತ ಇಂದಿನ ನಮ್ಮ ಮನೆಗಳಿಗೆ ಹೆಚ್ಚು ಹತ್ತಿರವಾದದ್ದು. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆ ಹೊರಡಿಸಿ, ಮಕ್ಕಳು ಪರದೇಶದಲ್ಲಿರುವ ಎಷ್ಟೋ ತಂದೆತಾಯಿಯರ ನಿದ್ದೆಗೆಡಿಸಿದ ಮೇಲೆ ನಾನು ಆ ವೃತ್ತಾಂತವನ್ನು ಮತ್ತೊಮ್ಮೆ ಓದಿದೆ. ಪರನಾಡಿನಲ್ಲಿ ವಿದ್ಯೆಗೆ ಬೆಲೆ ದೊರೆತ ಮಾತ್ರಕ್ಕೆ ವಿದ್ಯಾವಂತನಿಗೆ ನೆಲೆ ದೊರೆಯುತ್ತದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿದೆ ಎಂದು ನನಗೆ ತೋರಿತು.

ಬಿಲ್ಹಣ ಹುಟ್ಟಿದ್ದು ಇಂದಿನ ಶ್ರೀನಗರವಾದ ಪ್ರವರಪುರದ ಸಮೀಪ, ಖೋನಮುಖ ಎಂಬ ಹಳ್ಳಿಯಲ್ಲಿ. ಒಂದೆಡೆ ಕೇಸರಿ, ಇನ್ನೊಂದೆಡೆ ದ್ರಾಕ್ಷಿ ಬೆಳೆಯುವ ಊರು ಅದೆಂದು ಅವನು ಅಭಿಮಾನದಿಂದ ವರ್ಣಿಸಿದ್ದಾನೆ. ಮುತ್ತಾತ ಮುಕ್ತಿಕಲಶ, ಅಜ್ಜ ರಾಜಕಲಶ, ತಂದೆ ಜ್ಯೇಷ್ಠಕಲಶ, ತಾಯಿ ನಾಗಾದೇವಿ. ತಂದೆ ಪತಂಜಲಿಯ ಮಹಾಭಾಷ್ಯಕ್ಕೆ ವ್ಯಾಖ್ಯಾನ ಬರೆದ ವೈಯಾಕರಣಿ. ಅಣ್ಣ ಇಷ್ಟರಾಮ ಮತ್ತು ತಮ್ಮ ಆನಂದ ಇಬ್ಬರೂ ವಿದ್ವಾಂಸರು. ಈ ವಂಶಾವಳಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕೌಶಿಕ ಗೋತ್ರದ ಈ ಕುಟುಂಬದ ಪೂರ್ವಿಕರು ಮೂಲತಃ ಕಾಶ್ಮೀರದವರಲ್ಲ. ಗೋಪಾದಿತ್ಯನೆಂಬ ಅರಸ ಅವರನ್ನು ಮಧ್ಯದೇಶದಿಂದ ಕರೆಸಿ ಅಲ್ಲಿ ನೆಲೆಗೊಳಿಸಿದನೆಂದು ಬಿಲ್ಹಣನೇ ತಿಳಿಸುತ್ತಾನೆ. ವಿದ್ಯಾವಂತರನ್ನು ಹೊರಗಿನಿಂದ ಬರಮಾಡಿಕೊಂಡು ಅವರಿಗೆ ನೆಲೆ ಕೊಟ್ಟ ನಾಡಿನಲ್ಲಿ ಕೆಲವು ತಲೆಮಾರುಗಳ ತರುವಾಯ ಮಹಾಭಾಷ್ಯದ ವ್ಯಾಖ್ಯಾನಕಾರ ಹುಟ್ಟಿದ, ಅವನ ಮಗನಾಗಿ ಮಹಾಕವಿ ಹುಟ್ಟಿದ. ವಲಸೆಯ ಫಲವನ್ನು ಒಂದೇ ತಲೆಮಾರಿನ ಲೆಕ್ಕದಲ್ಲಿ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವೇದ, ವ್ಯಾಕರಣ, ಅಲಂಕಾರಶಾಸ್ತ್ರಗಳಲ್ಲಿ ಪಾರಂಗತನಾದ ಬಿಲ್ಹಣ ಹನ್ನೊಂದನೆಯ ಶತಮಾನದ ಅರವತ್ತರ ದಶಕದಲ್ಲಿ, ಕಲಶನು ಕಾಶ್ಮೀರದ ಅರಸನಾಗಿದ್ದ ಕಾಲದಲ್ಲಿ, ತಾಯ್ನಾಡನ್ನು ತೊರೆದ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಹೀಗೆ ಅರ್ಥೈಸುತ್ತೇನೆ: ಕಾಶ್ಮೀರದಲ್ಲಿ ಪಂಡಿತರು ಬಹಳ, ಅವರಿಗೆ ಆಶ್ರಯ ಕೊಡಬಲ್ಲ ಅರಮನೆ ಒಂದೇ. ಆದರೆ ಸಂಸ್ಕೃತವೆಂಬ ವಿದ್ಯೆಗೆ ಹಿಮಾಲಯದಿಂದ ಸೇತುವಿನವರೆಗೆ ಮಾರುಕಟ್ಟೆಯಿತ್ತು. ಇಂದು ಬೆಂಗಳೂರಿನಲ್ಲಿ ಕಲಿತ ಗಣಕತಂತ್ರ ಸಿಯಾಟಲ್‌ನಲ್ಲಿಯೂ ಸಲ್ಲುವಂತೆ ಅಂದು ಖೋನಮುಖದಲ್ಲಿ ಕಲಿತ ವ್ಯಾಕರಣ ಯಾವ ಆಸ್ಥಾನದಲ್ಲಿಯಾದರೂ ಸಲ್ಲುತ್ತಿತ್ತು. ಪ್ರಮಾಣಪತ್ರದ ಬದಲು ವಾದದಲ್ಲಿ ಗೆಲ್ಲಬೇಕಿತ್ತು, ಅಷ್ಟೇ.

ಅವನ ಪಯಣದ ಹಾದಿ ದೀರ್ಘವಾದದ್ದು. ಮಥುರೆ, ವೃಂದಾವನ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನು ಹಾದು ಡಾಹಲದ ಕಲಚುರಿ ಅರಸ ಕರ್ಣನ ಆಸ್ಥಾನವನ್ನು ತಲುಪಿದ. ಅಲ್ಲಿ ಗಂಗಾಧರನೆಂಬ ಕವಿಯನ್ನು ವಾದದಲ್ಲಿ ಸೋಲಿಸಿದ. ಧಾರಾನಗರದ ಭೋಜರಾಜನನ್ನು ಕಾಣಲಾಗಲಿಲ್ಲವೆಂಬ ಕೊರಗು ಅವನಿಗೆ ಕಡೆಯವರೆಗೂ ಉಳಿಯಿತು. ಮುಂದೆ ಗುಜರಾತಿನ ಅಣಹಿಲವಾಡಕ್ಕೆ ಹೋಗಿ, ಅಲ್ಲಿಯ ಚೌಲುಕ್ಯ ಅರಸ ಕರ್ಣನನ್ನು ನಾಯಕನಾಗಿಸಿ ಕರ್ಣಸುಂದರಿ ಎಂಬ ನಾಟಿಕೆಯನ್ನು ಬರೆದ. ಆದರೆ ಅಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಅಲ್ಲಿಯ ಜನರ ಉಡುಗೆಯನ್ನೂ ಮಾತನ್ನೂ ಕುರಿತು ಅವನು ಆಡಿರುವ ನುಡಿಗಳು ಒರಟಾಗಿವೆ, ಅನ್ಯಾಯವಾಗಿಯೂ ಇವೆ. ಹೊಸ ನಾಡಿನಲ್ಲಿ ಸಲ್ಲದೆಹೋದವನು ಆ ನಾಡಿನವರ ಉಡುಗೆ ತೊಡುಗೆಗಳಲ್ಲಿ ತಪ್ಪು ಹುಡುಕುವುದು ಎಲ್ಲ ಕಾಲದ ವಲಸಿಗರಲ್ಲಿಯೂ ಕಾಣುವ ದೌರ್ಬಲ್ಯ. ಸೋಮನಾಥನ ದರ್ಶನ ಮುಗಿಸಿ ದಕ್ಷಿಣಕ್ಕೆ ಹೊರಟ ಆತ ರಾಮೇಶ್ವರದ ಸೇತುವಿನವರೆಗೂ ಹೋಗಿಬಂದ. ಇಷ್ಟು ಅಲೆದ ಮೇಲೆ ಅವನಿಗೆ ಆಸರೆ ಸಿಕ್ಕಿದ್ದು ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ.

ಆರನೆಯ ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿಯೆಂಬ ಪದವಿಯನ್ನಿತ್ತ. ನೀಲಛತ್ರವನ್ನೂ ಮದಗಜವನ್ನೂ ದಯಪಾಲಿಸಿದ. ಕರ್ಣಾಟದ ದೊರೆಯ ಸೈನ್ಯ ಸಾಗುವಾಗ ಆನೆಗಳ ನಡುವೆ ಬಿಲ್ಹಣನ ಛತ್ರ ಅರಸನ ಮುಂದೆಯೇ ಎತ್ತರದಲ್ಲಿ ಕಾಣುತ್ತಿತ್ತೆಂದು ಹನ್ನೆರಡನೆಯ ಶತಮಾನದ ನಡುವಿನಲ್ಲಿ ಕಲ್ಹಣ ದಾಖಲಿಸಿದ್ದಾನೆ. ಹೊರನಾಡಿನಿಂದ ಬಂದ ವಿದ್ವಾಂಸನಿಗೆ ಕನ್ನಡ ನೆಲದಲ್ಲಿ ಸಂದ ಇಂಥ ಮನ್ನಣೆ ನಮ್ಮ ಚರಿತ್ರೆಯ ಹೆಮ್ಮೆಯ ಪುಟ. ಇದೇ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನ ಮಿತಾಕ್ಷರಾ ಸಿದ್ಧವಾಯಿತೆಂಬುದನ್ನು ನೆನೆದರೆ ಆ ಆಸ್ಥಾನ ವಿದ್ಯೆಗೆ ಎಂಥ ಆಕರ್ಷಣೆಯಾಗಿತ್ತೆಂಬುದು ತಿಳಿಯುತ್ತದೆ.

ಆದರೆ ಯಾವ ಯಜಮಾನನೂ ಕಾರಣವಿಲ್ಲದೆ ಹೊರಗಿನವನನ್ನು ನೇಮಿಸಿಕೊಳ್ಳುವುದಿಲ್ಲ. ವಿಕ್ರಮಾದಿತ್ಯನಿಗೆ ಒಂದು ತೊಡಕಿತ್ತು. ಅವನು ಒಂದನೆಯ ಸೋಮೇಶ್ವರನ ಎರಡನೆಯ ಮಗ. ಪಟ್ಟವೇರಿದ್ದ ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ 1076ರಲ್ಲಿ ಸಿಂಹಾಸನವನ್ನೇರಿದ್ದ; ಶಕವರ್ಷವನ್ನು ಬದಿಗಿರಿಸಿ ಚಾಲುಕ್ಯ ವಿಕ್ರಮವರ್ಷವೆಂಬ ತನ್ನದೇ ಗಣನೆಯನ್ನು ಆರಂಭಿಸಿದ್ದ. ಅಣ್ಣನಿಂದ ರಾಜ್ಯ ಕಸಿದವನೆಂಬ ಅಪವಾದವನ್ನು ತೊಡೆಯಬಲ್ಲ, ಭರತಖಂಡದುದ್ದಕ್ಕೂ ಓದುವಂಥ ಕಾವ್ಯವೊಂದು ಅವನಿಗೆ ಬೇಕಿತ್ತು. ಅದನ್ನು ಬರೆಯಬಲ್ಲ ಕುಶಲಿ ಸಿಕ್ಕಿದ. ಬೇಡಿಕೆ, ಪೂರೈಕೆಗಳು ಕಲ್ಯಾಣದಲ್ಲಿ ಸಂಧಿಸಿದವು.

ಹದಿನೆಂಟು ಸರ್ಗಗಳ ವಿಕ್ರಮಾಂಕದೇವಚರಿತ ಹುಟ್ಟಿದ್ದು ಹೀಗೆ. ಅದರಲ್ಲಿ ವಿಕ್ರಮಾದಿತ್ಯ ಅಣ್ಣನ ಹಕ್ಕಿಗೆ ತಲೆಬಾಗಿ ಯುವರಾಜ ಪದವಿಯನ್ನೇ ನಿರಾಕರಿಸುತ್ತಾನೆ. ಅಣ್ಣ ದುರ್ಮಾರ್ಗ ಹಿಡಿದಾಗ ತಮ್ಮ ಜಯಸಿಂಹನೊಡನೆ ರಾಜಧಾನಿಯಿಂದ ದೂರ ಸರಿಯುತ್ತಾನೆ. ಯುದ್ಧದಲ್ಲಿ ಅಣ್ಣ ಸೆರೆಯಾದ ಮೇಲೆಯೂ ರಾಜ್ಯವನ್ನು ಅವನಿಗೇ ಹಿಂದಿರುಗಿಸಲು ಬಯಸುತ್ತಾನೆ. ಶಿವನೇ ಅಡ್ಡಬಂದು ಆಜ್ಞಾಪಿಸಿದ್ದರಿಂದ ವಿಧಿಯಿಲ್ಲದೆ ಪಟ್ಟವನ್ನು ಸ್ವೀಕರಿಸುತ್ತಾನೆ. ಇತಿಹಾಸಕಾರರು ಈ ಭಾಗವನ್ನು ಎಚ್ಚರಿಕೆಯಿಂದಲೇ ಓದುತ್ತಾರೆ. ಎರಡನೆಯ ಸೋಮೇಶ್ವರನ ಪರವಾಗಿ ವಾದಿಸುವ ಮಹಾಕಾವ್ಯ ಯಾವುದೂ ನಮಗೆ ದೊರೆತಿಲ್ಲ. ಬಿಲ್ಹಣನನ್ನು ಸುಳ್ಳುಗಾರನೆಂದು ಜರೆಯುವುದು ಸುಲಭ. ಅವನ ಸ್ಥಿತಿಯನ್ನು ನೋಡಿದರೆ ತೀರ್ಪು ಅಷ್ಟು ಸುಲಭವಾಗದು. ಅವನ ಪದವಿ, ಆನೆ, ಛತ್ರ, ಈ ನೆಲದಲ್ಲಿ ಕಾಲೂರುವ ಹಕ್ಕು ಎಲ್ಲವೂ ಒಬ್ಬನೇ ಯಜಮಾನನ ಪ್ರಸನ್ನತೆಯನ್ನು ಅವಲಂಬಿಸಿದ್ದವು. ಊರಿನಲ್ಲಿ ಬೇರಿರುವವನು ಯಜಮಾನನ ಮಾತನ್ನು ಅಲ್ಲಗಳೆದು ಮನೆಯಲ್ಲಿ ಕೂರಬಹುದು. ಬೇರಿಲ್ಲದವನು ಅಲ್ಲಗಳೆದರೆ ಗಂಟುಮೂಟೆ ಕಟ್ಟಬೇಕು.

ಇಂದಿನ ಎಚ್-1ಬಿ ವ್ಯವಸ್ಥೆಯ ತಿರುಳೂ ಇದೇ ಅವಲಂಬನೆ. 1990ರ ಅಮೆರಿಕನ್ ಕಾಯ್ದೆಯಿಂದ ಹುಟ್ಟಿದ ಈ ವೀಸಾಕ್ಕೆ ಅರ್ಜಿ ಸಲ್ಲಿಸುವವನು ಉದ್ಯೋಗಿಯಲ್ಲ, ಅವನನ್ನು ನೇಮಿಸುವ ಸಂಸ್ಥೆ. ವರ್ಷಕ್ಕೆ 65,000, ಅಮೆರಿಕದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಎಂಬುದು ಮಿತಿ. ಅವಧಿ ಮೊದಲು ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಕೆಲಸ ಹೋದರೆ ಹೊಸ ಯಜಮಾನನನ್ನು ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ದಾರಿ ಕಾಣದಿದ್ದರೆ ಮನೆ, ಸಾಲ, ಮಕ್ಕಳ ಶಾಲೆ ಎಲ್ಲವನ್ನೂ ಬಿಟ್ಟು ಹೊರಡಬೇಕು. ಹೀಗಿರುವಾಗ ಸಂಬಳ ಕಡಿಮೆಯೆಂದೋ ಮೇಲಧಿಕಾರಿ ಅನ್ಯಾಯ ಮಾಡಿದನೆಂದೋ ದೂರುವ ಧೈರ್ಯ ಎಷ್ಟು ಜನರಿಗಿದ್ದೀತು? ಕೊಳ್ಳುವವನು ಒಬ್ಬನೇ ಆದ ಮಾರುಕಟ್ಟೆಯಲ್ಲಿ ಮಾರುವವನಿಗೆ ನ್ಯಾಯವಾದ ಬೆಲೆ ಸಿಗುವುದಿಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಇಂಥ ಕಟ್ಟು ಸ್ಥಳೀಯ ಉದ್ಯೋಗಿಗೂ ಕೇಡು. ಎದುರಾಡಲಾರದವನು ಪಕ್ಕದಲ್ಲಿದ್ದರೆ ಎದುರಾಡುವವನಿಗೆ ಬೆಲೆ ತಗ್ಗುತ್ತದೆ.

ಇದರಿಂದ ಬಿಡುಗಡೆಯ ಹಾದಿ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಹಕ್ಕು. ಅದಕ್ಕೂ ಸಾಮಾನ್ಯವಾಗಿ ಯಜಮಾನನೇ ಮುಂದಾಗಬೇಕು. ಆ ಹುದ್ದೆಗೆ ಅರ್ಹನಾದ ಸ್ಥಳೀಯ ಸಿಗಲಿಲ್ಲವೆಂದು ಕಾರ್ಮಿಕ ಇಲಾಖೆಯಿಂದ ದೃಢೀಕರಣ ಪಡೆಯುವುದು ಮೊದಲ ಹಂತ. ಉದ್ಯೋಗಿಯ ಪರವಾಗಿ ವಲಸೆ ಇಲಾಖೆಗೆ ಅರ್ಜಿ ಎರಡನೆಯದು. ಸರದಿ ಬಂದಾಗ ಉದ್ಯೋಗಿ ತಾನೇ ಸಲ್ಲಿಸುವ ಕಡೆಯ ಅರ್ಜಿ ಮೂರನೆಯದು. ತೊಡಕಿರುವುದು ಸರದಿಯಲ್ಲಿ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಮೀಸಲಾದ ಗ್ರೀನ್ ಕಾರ್ಡುಗಳು ಸುಮಾರು 1,40,000. ಹೆಂಡತಿ ಅಥವಾ ಗಂಡ, ಮಕ್ಕಳೂ ಈ ಲೆಕ್ಕದಲ್ಲಿಯೇ ಬರುತ್ತಾರೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಮಂಜೂರಾಗುವ ಎಚ್-1ಬಿ ಅರ್ಜಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯರದ್ದಾಗಿರುವಾಗ ಈ ಮಿತಿಯ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. ಕಾಯುವಿಕೆ ದಶಕಗಳಿಗೆ ಚಾಚಿದೆ. 2000ದ ಕಾಯ್ದೆ ಆರು ವರ್ಷಗಳ ಮಿತಿಯನ್ನು ಸರದಿಯಲ್ಲಿರುವವರ ಮಟ್ಟಿಗೆ ಸಡಿಲಿಸಿದ್ದರಿಂದ ಅವರು ಅಲ್ಲಿ ಉಳಿದಿದ್ದಾರೆ, ನೆಲೆಗೊಂಡಿಲ್ಲ. ತಂದೆಯ ಸರದಿ ಬರುವ ಮೊದಲೇ ಮಗನಿಗೆ 21 ವರ್ಷ ತುಂಬಿದರೆ ಅವನು ಅವಲಂಬಿತರ ಪಟ್ಟಿಯಿಂದ ಹೊರಬೀಳುವ ಸಂಭವವಿದೆ.

ಈ ಬಾಗಿಲು ಮೊದಲಿನಿಂದಲೂ ಅರೆತೆರೆದದ್ದೇ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಮಾನಿಸಿತು. 1946ರ ಕಾಯ್ದೆ ವರ್ಷಕ್ಕೆ ನೂರು ಭಾರತೀಯರಿಗೆ ಅವಕಾಶವಿತ್ತಿತು. ಹುಟ್ಟಿದ ನಾಡಿನ ಲೆಕ್ಕದ ಹಳೆಯ ಕೋಟಾ ಪದ್ಧತಿಯನ್ನು 1965ರ ಕಾಯ್ದೆ ತೆಗೆದುಹಾಕಿದ ಮೇಲೆಯೇ ನಮ್ಮ ವೈದ್ಯರೂ ಎಂಜಿನಿಯರುಗಳೂ ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಲು ಸಾಧ್ಯವಾದದ್ದು.

ಸ್ಥಳೀಯರ ಅಳಲನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ. ಇಟಗಿಯ ಸೀಮೆಗಂತೂ ಇಲ್ಲ. 1948ರವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಒಂದನೆಯ ಸಾಲಾರ್ ಜಂಗ್ ದಿವಾನನಾಗಿದ್ದಾಗ ಆಡಳಿತ ಸುಧಾರಣೆಗೆಂದು ಉತ್ತರ ಭಾರತದಿಂದ ವಿದ್ಯಾವಂತರನ್ನು ಕರೆಸಿದ. ಆಡಳಿತ ಸುಧಾರಿಸಿತು, ಹುದ್ದೆಗಳು ಹೊರಗಿನವರ ಪಾಲಾದವೆಂಬ ಸಿಟ್ಟೂ ಬೆಳೆಯಿತು. 1919ರ ಮುಲ್ಕಿ ನಿಯಮ ಅದರ ಫಲ. ಹೊರಗಿನವನು ಮುಲ್ಕಿಯೆನಿಸಿಕೊಳ್ಳಬೇಕಾದರೆ ಸಂಸ್ಥಾನದಲ್ಲಿ 15 ವರ್ಷ ವಾಸವಾಗಿರಬೇಕು, ಹುಟ್ಟೂರಿಗೆ ಹಿಂದಿರುಗುವ ಆಲೋಚನೆಯನ್ನು ಬಿಟ್ಟಿದ್ದೇನೆಂದು ಪ್ರಮಾಣಪತ್ರ ಬರೆದುಕೊಡಬೇಕು. ಹಿಂದುಳಿದ ಈ ಪ್ರದೇಶಕ್ಕೆ ನ್ಯಾಯ ಒದಗಿಸಲು ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಇಲ್ಲಿಯ ಯುವಕರೂ ಸ್ಥಳೀಯರೆಂಬ ಅರ್ಹತಾಪತ್ರಕ್ಕಾಗಿ ಕಚೇರಿಗಳ ಮುಂದೆ ನಿಲ್ಲುತ್ತಾರೆ. ಸರ್ಕಾರಿ ಸೇವೆಯಲ್ಲಿ ವಾಸಸ್ಥಳದ ಕಡತಗಳನ್ನು ಬಹಳ ವರ್ಷ ನೋಡಿದ ನನಗೆ ತಿಳಿದಿರುವುದಿಷ್ಟು: ಯಾರು ನಮ್ಮವರು ಎಂದು ಗೆರೆ ಎಳೆಯುವ ಅಧಿಕಾರ ಪ್ರತಿ ರಾಜ್ಯಕ್ಕೂ ಬೇಕು. ಆದರೆ ಗೆರೆ ದಾಟುವ ಬಗೆಯೂ ಅದಕ್ಕೆ ತಗಲುವ ಕಾಲವೂ ಸ್ಪಷ್ಟವಾಗಿರಬೇಕು. ಹದಿನೈದು ವರ್ಷವೆಂಬುದು ಕಠಿಣ ನಿಯಮ. ಎಷ್ಟು ವರ್ಷವೆಂದೇ ಹೇಳದ ನಿಯಮ ಅದಕ್ಕಿಂತ ಕಠಿಣ.

ಹುಟ್ಟೂರನ್ನು ಮರೆತಿದ್ದೇನೆಂದು ಬರೆದುಕೊಡುವುದು ಬಿಲ್ಹಣನಿಂದ ಆಗುತ್ತಿರಲಿಲ್ಲ. ಚಕ್ರವರ್ತಿಯ ಚರಿತ್ರೆಗೆಂದು ಬರೆದ ಕಾವ್ಯದ ಹದಿನೆಂಟನೆಯ ಸರ್ಗವನ್ನು ಅವನು ಕಾಶ್ಮೀರಕ್ಕೆ ಮೀಸಲಿಟ್ಟ. ವಿತಸ್ತಾ ನದಿ, ಪ್ರವರಪುರದ ಬೀದಿಗಳು, ಸಂಸ್ಕೃತ ಪ್ರಾಕೃತಗಳನ್ನು ಮನೆಮಾತಿನಂತೆ ಆಡುವ ಅಲ್ಲಿಯ ಹೆಂಗಸರು, ತಂದೆತಾಯಿ, ಒಡಹುಟ್ಟಿದವರು ಎಲ್ಲರೂ ಅಲ್ಲಿದ್ದಾರೆ. ಇಟಗಿಯ ಮಹಾದೇವ ದಂಡನಾಯಕ ಪ್ರಧಾನ ದೇವಾಲಯದ ಬಳಿಯಲ್ಲಿಯೇ ತನ್ನ ತಂದೆತಾಯಿಯರ ಹೆಸರಿನಲ್ಲಿ ಗುಡಿಗಳನ್ನು ಕಟ್ಟಿಸಿದ, ಅವನಿಗೆ ನೆಲವಿತ್ತು. ಬಿಲ್ಹಣನಿಗೆ ಆ ಅನುಕೂಲವಿರಲಿಲ್ಲ. ಕರ್ಣಾಟದ ದೊರೆಯ ಕಾವ್ಯದಲ್ಲಿಯೇ ಒಂದು ಸರ್ಗದಷ್ಟು ಜಾಗ ಮಾಡಿಕೊಂಡು ಅವರನ್ನು ನೆಲೆಗೊಳಿಸಿದ.

ಮುಂದೆ 1089ರಲ್ಲಿ ಹರ್ಷ ಕಾಶ್ಮೀರದ ಅರಸನಾದ. ಅವನು ಕವಿಗಳಿಗೆ ಬಂಧುವಿನಂತಿದ್ದಾನೆಂಬ ಸುದ್ದಿ ಕಲ್ಯಾಣಕ್ಕೆ ಮುಟ್ಟಿದಾಗ ತನ್ನ ಅಷ್ಟೆಲ್ಲ ವೈಭವವೂ ಬಿಲ್ಹಣನಿಗೆ ಬರಿಯ ವಂಚನೆಯೆಂಬಂತೆ ತೋರಿತೆಂದು ಕಲ್ಹಣ ಬರೆದಿದ್ದಾನೆ. ಆನೆ, ಛತ್ರ, ಪದವಿಗಳೆಲ್ಲ ಇದ್ದವನ ಮನಸ್ಸು ಹೀಗಿತ್ತು. ಅದೇ ಹರ್ಷ ದಕ್ಷಿಣದ ರೀತಿಗಳನ್ನು ಮೆಚ್ಚಿ ಕರ್ಣಾಟದ ಮಾದರಿಯ ನಾಣ್ಯಗಳನ್ನು ಕಾಶ್ಮೀರದಲ್ಲಿ ಚಲಾವಣೆಗೆ ತಂದನೆಂದೂ ಕಲ್ಹಣ ಹೇಳುತ್ತಾನೆ. ಕಲ್ಯಾಣದಲ್ಲಿದ್ದವನಿಗೆ ಕಾಶ್ಮೀರದ ಹಂಬಲ, ಕಾಶ್ಮೀರದಲ್ಲಿದ್ದವನಿಗೆ ಕರ್ಣಾಟದ ಮೋಹ. ತವರಿನ ಬಗೆಗಿನ ಹಂಬಲ ಯಾವಾಗಲೂ ವಿವೇಕದ್ದೇ ಆಗಿರುತ್ತದೆ ಎಂದಲ್ಲ. ಹರ್ಷನ ಆಳ್ವಿಕೆ ಮುಂದೆ ದಾರುಣವಾಯಿತು: ತೆರಿಗೆಗಳ ಹೊರೆ ಏರಿತು, ದೇವಾಲಯಗಳ ಸಂಪತ್ತು ಸೂರೆಯಾಯಿತು, 1101ರಲ್ಲಿ ದಂಗೆಯ ನಡುವೆ ಅವನ ಹತ್ಯೆಯಾಯಿತು. ಹಿಂದಿರುಗಲು ಬಯಸುವವನಿಗೆ ತವರಿನ ಸ್ಥಿತಿಗತಿಯ ನಿಜವಾದ ಅರಿವೂ, ಹೋಗಿ ನೋಡಿ ಮತ್ತೆ ಬರಬಹುದಾದ ಸ್ವಾತಂತ್ರ್ಯವೂ ಇರಬೇಕು. ಒಂದೇ ಯಜಮಾನನಿಗೆ ಕಟ್ಟುಬಿದ್ದವನಿಗೆ ಎರಡನೆಯದು ದುರ್ಲಭ.

ಆದ್ದರಿಂದ ಶುಲ್ಕ ಹೆಚ್ಚಾಯಿತೆಂದು ಹಳಹಳಿಸುವುದರಲ್ಲಿಯೇ ನಮ್ಮ ಚರ್ಚೆ ಮುಗಿಯಬಾರದು. ಕೆಲಸದ ಪರವಾನಗಿ ಯಜಮಾನನ ಕೈಯಲ್ಲಿರದೆ ಉದ್ಯೋಗಿಯ ಕೈಯಲ್ಲಿರಬೇಕೆಂಬುದು, ಸರದಿಗೆ ಒಂದು ಕೊನೆಯಿರಬೇಕೆಂಬುದು ನಮ್ಮ ಸರ್ಕಾರ ಮಾತುಕತೆಗಳಲ್ಲಿ ಮುಂದಿಡಬೇಕಾದ ಬೇಡಿಕೆಗಳು. ನಮ್ಮ ಕೈಯಲ್ಲಿಯೇ ಅರ್ಧ ಇರುವ ಕೆಲಸವೊಂದೂ ಇದೆ. ಎಚ್-1ಬಿ ಉದ್ಯೋಗಿಗಳು ಅಮೆರಿಕದ ಸಾಮಾಜಿಕ ಭದ್ರತಾ ನಿಧಿಗೆ ಸಂಬಳದ ಶೇ 6.2ರಷ್ಟು ತೆರುತ್ತಾರೆ, ಯಜಮಾನನೂ ಅಷ್ಟನ್ನು ಸೇರಿಸುತ್ತಾನೆ. ಪಿಂಚಣಿಯ ಹಕ್ಕು ಹುಟ್ಟಲು ಸಾಮಾನ್ಯವಾಗಿ ಹತ್ತು ವರ್ಷಗಳ ಸೇವೆ ಬೇಕು. ವೀಸಾದ ಸಾಮಾನ್ಯ ಅವಧಿ ಆರು ವರ್ಷ. ನಡುವಿನಲ್ಲಿ ಹಿಂದಿರುಗಿದವರ ಹಣ ಅಲ್ಲಿಯೇ ಉಳಿಯುತ್ತದೆ. ಎರಡೂ ದೇಶಗಳ ಸೇವಾವಧಿಯನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದವನ್ನು ಭಾರತ ಬೆಲ್ಜಿಯಂ, ಜರ್ಮನಿ ಮೊದಲಾದ ದೇಶಗಳೊಡನೆ ಮಾಡಿಕೊಂಡಿದೆ. ಅಮೆರಿಕದೊಡನೆ ಈವರೆಗೂ ಆಗಿಲ್ಲ. ಹಿಂದಿರುಗುವವರ ದಾರಿ ಸುಗಮವಾಗಬೇಕಾದರೆ ಆಗಬೇಕಾದ ಮೊದಲ ಕೆಲಸಗಳಲ್ಲಿ ಇದೂ ಒಂದು.

ವಿಕ್ರಮಾಂಕದೇವಚರಿತವನ್ನು ಆಧುನಿಕ ಜಗತ್ತು ಕಂಡದ್ದು 1874ರಲ್ಲಿ. ಜರ್ಮನ್ ವಿದ್ವಾಂಸ ಜಾರ್ಜ್ ಬ್ಯೂಲರ್ ಜೈಸಲ್ಮೇರಿನ ಜೈನ ಭಂಡಾರವೊಂದರಲ್ಲಿ ಅದರ ತಾಳೆಗರಿ ಪ್ರತಿಯನ್ನು ಪತ್ತೆಹಚ್ಚಿ ಮರುವರ್ಷ ಮುಂಬಯಿಯಲ್ಲಿ ಪ್ರಕಟಿಸಿದರು. ಅರಸರು ಕವಿಗಳನ್ನು ಕೆರಳಿಸಬಾರದು, ರಾಮನ ಕೀರ್ತಿಯೂ ವಾಲ್ಮೀಕಿಯಿಂದಲೇ ಉಳಿಯಿತು ಎಂದು ಆ ಕಾವ್ಯದಲ್ಲಿ ಬಿಲ್ಹಣ ಎಚ್ಚರಿಸುತ್ತಾನೆ. ಪರಾಶ್ರಯದಲ್ಲಿದ್ದವನ ಕೈಯಲ್ಲಿದ್ದ ಅಸ್ತ್ರ ಅದೊಂದೇ. ಅರ್ಧ ಶತಮಾನ ಆಳಿದ ವಿಕ್ರಮಾದಿತ್ಯನ ಶಾಸನಗಳು ನಾಡಿನ ತುಂಬ ಹರಡಿವೆ. ಆದರೆ ಅವನ ಬಾಳನ್ನು ಕಥೆಯಾಗಿ ಹೇಳಿದ್ದು ಖೋನಮುಖದಿಂದ ನಡೆದುಬಂದ ಪರಕೀಯ. ಆತಿಥ್ಯ ನೀಡಿದ ನಾಡು ಪಡೆದ ಲಾಭವನ್ನು ಹೀಗೆ ಎಣಿಸಿಕೊಂಡಾಗ, ಬಂದವನಿಗೆ ತಾನು ಏನನ್ನು ಕೊಡಲಿಲ್ಲ ಎಂಬುದನ್ನೂ ಅದು ಎಣಿಸಿಕೊಳ್ಳಬೇಕು. ವಾಷಿಂಗ್ಟನ್‌ಗೆ ಈ ಮಾತು ಅನ್ವಯಿಸುವಂತೆ, ಇಂದು ಒಡಿಶಾ, ಬಿಹಾರ, ಅಸ್ಸಾಮಿನ ದುಡಿಮೆಗಾರರನ್ನು ಬರಮಾಡಿಕೊಂಡಿರುವ ಬೆಂಗಳೂರಿಗೂ ಅನ್ವಯಿಸುತ್ತದೆ.